ನೆರೆ ಬಂದಾಗ ಊರ ಹುಡುಗರೇ ಬೇಕು, ಕೆಲಸ ಕೊಡುವಾಗ ಯಾಕೆ ಬೇಡ?

ತಗಡೂರು: ಕಬಿನಿ ಹೊಳೆ ತಗಡೂರಿನ ಪಕ್ಕದಲ್ಲಿ ಹರಿಯೋದಿಲ್ಲ. ಆದ್ರೂ ಹೊಳೆ ತುಂಬಿದ ವರ್ಷ ಅದರ ಬಿಸಿ ಊರಿಗೆ ತಟ್ಟದೇ ಇರಲ್ಲ. ಸುತ್ತೂರು ಸೇತುವೆ ಮೇಲೆ ನೀರು ಬಂದರೆ ಆ ಕಡೆ ಓಡಾಟ ಬಂದ್. ನಂಜನಗೂಡಿನ ಹತ್ತಿರ ಮಲ್ಲನಮೂಲೆ ಮಠದ ಬಳಿ ಹೆದ್ದಾರಿ ಮುಳುಗಿದರೆ ಮೈಸೂರಿಂದ ಅಂಗಡಿಗಳಿಗೆ ಬರಬೇಕಾದ ಮಾಲೂ ಬಂದ್. 2018 ಮತ್ತು 2019ರ ಮಳೆಗಾಲದಲ್ಲಿ ಇದನ್ನೆಲ್ಲ ಜನ ಕಣ್ಣಾರೆ ಕಂಡಿದ್ದಾರೆ. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರು ಒಂದು ಲಕ್ಷ ಕ್ಯೂಸೆಕ್ ದಾಟಿತ್ತು. ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿ, ಹೊಳೆ ದಂಡೆಯ ಕೇರಿಗಳಿಗೆ ನೀರು ನುಗ್ಗಿತ್ತು. ಕೆಳಗೆ ತಿ.ನರಸೀಪುರದಲ್ಲಿ ಕಾವೇರಿ, ಕಬಿನಿ ಎರಡೂ ಸೇರೋದ್ರಿಂದ ಕೆಆರ್‌ಎಸ್ ನೀರೂ ಅದೇ ಹೊತ್ತಿಗೆ ಬಂದರೆ ಅಲ್ಲಿನವರ ಕಷ್ಟ ಇನ್ನೂ ಜಾಸ್ತಿ.

ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ದೊಡ್ಡದಲ್ಲ, 19.52 ಟಿಎಂಸಿ ಅಷ್ಟೇ. ವಯನಾಡಿನಲ್ಲಿ ನಾಲ್ಕು ದಿನ ಬಿಡದೇ ಮಳೆ ಹೊಡೆದರೆ ತುಂಬಿಬಿಡುತ್ತೆ, ಗೇಟು ತೆಗೆಯಲೇಬೇಕು. ಗೇಟು ತೆಗೆದ ಮೇಲೆ ಕೆಳಗಿನ ಊರುಗಳಿಗೆ ಸಿಗೋದು ಕೆಲವೇ ಗಂಟೆ. ಎನ್‌ಡಿಆರ್‌ಎಫ್‌ನವರು ಬರ್ತಾರೆ ಅನ್ನೋದು ಧೈರ್ಯದ ಮಾತು, ನಿಜ. ಆದರೆ ಕರ್ನಾಟಕವನ್ನು ನೋಡಿಕೊಳ್ಳುವ ಅವರ 10ನೇ ಬೆಟಾಲಿಯನ್‌ನ ಕೇಂದ್ರ ಇರೋದು ಆಂಧ್ರದಲ್ಲಿ, ವಿಜಯವಾಡದ ಕಡೆ. ಅವರ ತಂಡ ಬಂದು ಬೋಟ್ ಇಳಿಸುವ ಹೊತ್ತಿಗೆ ಹಸು ಬಿಚ್ಚಿದವರು, ಮುದುಕರನ್ನು ಹೆಗಲ ಮೇಲೆ ಹೊತ್ತವರು, ಶಾಲೆ ಬಾಗಿಲು ತೆಗೆಸಿ ಒಲೆ ಹಚ್ಚಿದವರು ಊರಿನವರೇ ಆಗಿರ್ತಾರೆ.

ಎಲ್ಲ ಕಡೆ ಇದು ಹೀಗೇ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ಮೊದಲು ಓಡಿದ್ದು ಅಕ್ಕಪಕ್ಕದ ಜನ. ಅಲ್ಲಿ ಸತ್ತವರಲ್ಲಿ ಚಾಮರಾಜನಗರ ಕಡೆಯಿಂದ ಕೂಲಿಗೆ ಹೋಗಿದ್ದವರೂ ಇದ್ದರು. 2020ರ ಮಾರ್ಚ್‌ನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರಿಂದ ಕೊರೊನಾ ಹಬ್ಬಿ ತಾಲ್ಲೂಕೇ ಸೀಲ್ ಆದಾಗ ಮನೆ ಮನೆ ಬಾಗಿಲಿಗೆ ಹೋದವರು ಆಶಾ ಕಾರ್ಯಕರ್ತೆಯರು, ರೇಷನ್ ಕಿಟ್ ಹೊತ್ತವರು ಊರ ಹುಡುಗರು.

ಇಷ್ಟೆಲ್ಲ ಮಾಡಿದವರು ಆಮೇಲೆ ಏನಾದರು? ಶಾಲು ಹೊದಿಸಿ ಸನ್ಮಾನ ಮಾಡಿದ್ದು ಬಿಟ್ಟರೆ ಏನೂ ಆಗಲಿಲ್ಲ ಅನ್ನೋದೇ ಸಾಮಾನ್ಯವಾಗಿ ಉತ್ತರ.

12 ದಿನದ ತರಬೇತಿ, ಆಮೇಲೆ?

ಸರ್ಕಾರ ಕೈಕಟ್ಟಿ ಕೂತಿದೆ ಅಂತ ಹೇಳೋಕಾಗಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ 'ಆಪದ ಮಿತ್ರ' ಅಂತ ಯೋಜನೆ ಶುರು ಮಾಡಿತು. ಮೊದಲಿಗೆ ನೆರೆ ಬರುವ 30 ಜಿಲ್ಲೆ, 6 ಸಾವಿರ ಸ್ವಯಂಸೇವಕರು. ಆಮೇಲೆ ಅದನ್ನು 350 ಜಿಲ್ಲೆಗೆ ಹಿಗ್ಗಿಸಿ ಒಂದು ಲಕ್ಷ ಜನರಿಗೆ ತರಬೇತಿ ಅಂತ ಗುರಿ ಇಟ್ಟು 369.41 ಕೋಟಿ ರೂಪಾಯಿ ಎತ್ತಿಟ್ಟರು. ವಯಸ್ಸು 18ರಿಂದ 40, ಓದು ಏಳನೇ ಕ್ಲಾಸ್ ಆಗಿದ್ದರೂ ಸಾಕು. 12 ದಿನ ತರಬೇತಿ: ನೀರಲ್ಲಿ ಸಿಕ್ಕವರನ್ನು ಎಳೆಯೋದು, ಹಗ್ಗದ ಗಂಟು, ಪ್ರಥಮ ಚಿಕಿತ್ಸೆ, ಉಸಿರು ನಿಂತವರ ಎದೆ ಒತ್ತೋದು, ಬೆಂಕಿ ಆರಿಸೋದು. ಜೊತೆಗೆ ಒಂದು ಕಿಟ್, ಮೂರು ವರ್ಷದ ವಿಮೆ.

ಲೆಕ್ಕ ಹಾಕಿದರೆ ಒಬ್ಬರಿಗೆ ಹತ್ತಿರ ಹತ್ತಿರ 37 ಸಾವಿರ ರೂಪಾಯಿ ಬೀಳುತ್ತೆ. ಕಡಿಮೆ ಏನಲ್ಲ. ಆದರೆ ಇದು ಮೊದಲಿಂದಲೂ ಸ್ವಯಂಸೇವೆ, ಸಂಬಳ ಇಲ್ಲ. ವಿಮೆ ಮೂರು ವರ್ಷಕ್ಕೆ ಮುಗಿಯುತ್ತೆ. ಎದೆ ಒತ್ತುವ ವಿದ್ಯೆ ಕೈಗೆ ಹತ್ತಬೇಕಂದ್ರೆ ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡ್ತಾ ಇರಬೇಕು, ಇಲ್ಲಾಂದ್ರೆ ಮರೆತುಹೋಗುತ್ತೆ. ಹಗ್ಗದ ಗಂಟಂತೂ ಆರು ತಿಂಗಳಲ್ಲಿ ಮರೆಯುತ್ತೆ. 22ನೇ ವಯಸ್ಸಲ್ಲಿ ಕಲಿತ ಹುಡುಗ 25ಕ್ಕೆ ಮೈಸೂರಲ್ಲೋ ಬೆಂಗಳೂರಲ್ಲೋ ಡೆಲಿವರಿ ಬೈಕ್ ಓಡಿಸ್ತಾ ಇದ್ದರೆ, ಊರಿಗೆ ಹೊಳೆ ಬಂದ ದಿನ ಅವನ ಕಿಟ್ ಅಟ್ಟದ ಮೇಲೆ ಇರುತ್ತೆ. ತಪ್ಪು ಅವನದಲ್ಲ, ಹೊಟ್ಟೆಪಾಡು.

ಈಗ 'ಯುವ ಆಪದ ಮಿತ್ರ' ಬಂದಿದೆ. 315 ಜಿಲ್ಲೆಗಳಲ್ಲಿ 2.37 ಲಕ್ಷ ಯುವಕರಿಗೆ ತರಬೇತಿ ಅನ್ನೋದು ಲೆಕ್ಕ. ಎನ್‌ಸಿಸಿ, ಎನ್‌ಎಸ್‌ಎಸ್, ಸ್ಕೌಟ್ಸ್ ಮತ್ತು ಗೈಡ್ಸ್, ನೆಹರು ಯುವ ಕೇಂದ್ರ, ಈ ನಾಲ್ಕರ ಮೂಲಕ ಆಯ್ಕೆ. ಒಳ್ಳೇದೇ. ಆದರೆ ಎನ್‌ಎಸ್‌ಎಸ್, ಎನ್‌ಸಿಸಿ ಎಲ್ಲ ಇರೋದು ಶಾಲೆ ಕಾಲೇಜಿನ ಒಳಗೆ. ಡಿಗ್ರಿ ಅರ್ಧಕ್ಕೆ ಬಿಟ್ಟು ಅಪ್ಪನ ಜೊತೆ ಹೊಲಕ್ಕೋ ಅಂಗಡಿಗೋ ಇಳಿದವನಿಗೆ ಉಳಿಯೋ ಬಾಗಿಲು ನೆಹರು ಯುವ ಕೇಂದ್ರ ಒಂದೇ. ಹೊಳೆ ಬಂದಾಗ ಊರಲ್ಲಿ ಸಿಗೋನು ಮಾತ್ರ ಅವನೇ. ಕಾಲೇಜಿನವರು ಹಾಸ್ಟೆಲ್‌ನಲ್ಲಿ ಇರ್ತಾರೆ.

ಮೇಲಕ್ಕೆ ಹೋಗೋ ದಾರಿ ಎಲ್ಲಿದೆ

ಸಂತ್ರಸ್ತರ ನೆರವಿನ ಕೆಲಸ ಅನ್ನೋದು ಹೊರಗಡೆ ಒಂದು ದೊಡ್ಡ ಉದ್ಯೋಗ. ರೆಡ್ ಕ್ರಾಸ್, ಯುನಿಸೆಫ್ ತರದ ಸಂಸ್ಥೆಗಳಲ್ಲಿ ನೀರು-ಶೌಚಾಲಯಕ್ಕೆ ಒಬ್ಬರು, ಗೋದಾಮಿಗೆ ಒಬ್ಬರು, ಮಕ್ಕಳ ಸುರಕ್ಷತೆಗೆ ಒಬ್ಬರು, ಲೆಕ್ಕಕ್ಕೆ ಒಬ್ಬರು ಅಂತ ಹುದ್ದೆಗಳೇ ಇವೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ವಿಪತ್ತು ಅಧ್ಯಯನಕ್ಕೇ ಒಂದು ವಿಭಾಗ ಇದೆ. ಇಲ್ಲೇ ಹತ್ತಿರದಲ್ಲಿ, 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ.ಕೋಟೆ, ಸರಗೂರು ಕಡೆ ಆಸ್ಪತ್ರೆ, ಶಾಲೆ ನಡೆಸ್ತಾ ಬೆಳೆದು ಈಗ ಮೈಸೂರಲ್ಲಿ ಸಮಾಜಸೇವಾ ಕ್ಷೇತ್ರಕ್ಕೆ ಬರುವವರಿಗಾಗಿಯೇ ತರಬೇತಿ ಸಂಸ್ಥೆ ಇಟ್ಟುಕೊಂಡಿದೆ. ಆದರೆ ಸ್ನಾತಕೋತ್ತರ ಓದಿಗೆ ಹೋಗಬೇಕಂದ್ರೆ ಮೊದಲು ಡಿಗ್ರಿ ಕೈಲಿರಬೇಕು. ದೊಡ್ಡ ಸಂಸ್ಥೆಗಳ ಕೆಲಸಕ್ಕೆ ಇಂಗ್ಲಿಷ್ ಬೇಕು.

ಅಧಿಕಾರಿಗಳಿಗಾದ್ರೆ ತರಬೇತಿಗೆ ಕೊರತೆ ಇಲ್ಲ. ಮೈಸೂರಿನ ಲಲಿತಮಹಲ್ ರಸ್ತೆಯ ಆಡಳಿತ ತರಬೇತಿ ಸಂಸ್ಥೆಯಲ್ಲಿ ವಿಪತ್ತು ನಿರ್ವಹಣೆಗೆ ಬೇರೆ ಕೇಂದ್ರವೇ ಇದೆ. ಅದೇ ರಸ್ತೆಯಲ್ಲಿ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯಿತಿ ಸದಸ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಡುತ್ತೆ. ತಗಡೂರಿಂದ ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ವಾಪಸ್ ಬರಬಹುದಾದ ದೂರ. ಇಡೀ ರಾಜ್ಯದ ಅಧಿಕಾರಿಗಳು ಮೈಸೂರಿಗೆ ಬಂದು ಕಲಿತು ಹೋಗ್ತಾರೆ, ಮೈಸೂರು ಜಿಲ್ಲೆಯ ಹಳ್ಳಿ ಹುಡುಗ ಆ ಗೇಟಿನ ಒಳಗೆ ಕಾಲಿಡೋಕೆ ಅವನಿಗೊಂದು ಹುದ್ದೆ ಬೇಕು. ಹುದ್ದೆ ಸಿಗೋಕೆ ತರಬೇತಿ ಬೇಕು.

ಹಾಗಂತ ಬಾಗಿಲೆಲ್ಲ ಮುಚ್ಚಿಲ್ಲ, ಎಲ್ಲಿದೆ ಅಂತ ಹೇಳುವವರು ಇಲ್ಲ. ಎನ್‌ಡಿಆರ್‌ಎಫ್‌ಗೆ ಸೇರ್ತೀನಿ ಅಂತ ಬಹಳ ಹುಡುಗರಿಗೆ ಆಸೆ. ಅದಕ್ಕೆ ನೇರ ನೇಮಕಾತಿ ಕಾಯ್ತಾ ಕೂತರೆ ವಯಸ್ಸು ಮೀರುತ್ತೆ, ಯಾಕಂದ್ರೆ ಅಲ್ಲಿನ ಸಿಬ್ಬಂದಿ ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ ತರದ ಪಡೆಗಳಿಂದ ಎರವಲು ಬರುವವರು. ಮೊದಲು ಆ ಪಡೆಗೆ ಸೇರಬೇಕು. ಅದರ ಕಾನ್‌ಸ್ಟೆಬಲ್ ಪರೀಕ್ಷೆಗೆ ಎಸ್ಸೆಸ್ಸೆಲ್ಸಿ ಸಾಕು, 2024ರಿಂದ ಕನ್ನಡದಲ್ಲೂ ಬರೆಯಬಹುದು. ರಾಜ್ಯದ ಎಸ್‌ಡಿಆರ್‌ಎಫ್ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಜೊತೆಗೇ ಇದೆ. ಗೃಹರಕ್ಷಕ ದಳದಲ್ಲಿ ದಿನದ ಲೆಕ್ಕದಲ್ಲಿ ಭತ್ಯೆ ಸಿಗುತ್ತೆ, ಕಾಯಂ ಅಲ್ಲ. ಇಂದಿರಾ ಗಾಂಧಿ ಮುಕ್ತ ವಿವಿಯಲ್ಲಿ ವಿಪತ್ತು ನಿರ್ವಹಣೆ ಬಗ್ಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಇದೆ, ಪಿಯುಸಿ ಆಗಿದ್ದರೆ ಸೇರಬಹುದು. ಬಿಟ್ಟ ಡಿಗ್ರಿ ಮುಗಿಸಬೇಕು ಅನ್ನೋರಿಗೆ ಮುಕ್ತಗಂಗೋತ್ರಿ ಮೈಸೂರಲ್ಲೇ ಇದೆ.

ಇನ್ನೊಂದು ಸಣ್ಣ ದಾರಿಯೂ ಇದೆ. ಕಂಡಕ್ಟರ್ ಲೈಸೆನ್ಸ್ ಮಾಡಿಸೋಕೆ ಪ್ರಥಮ ಚಿಕಿತ್ಸೆ ಸರ್ಟಿಫಿಕೇಟ್ ಬೇಕು ಅನ್ನೋದು ಊರ ಹುಡುಗರಿಗೆಲ್ಲ ಗೊತ್ತು. ಅದೇ ಸರ್ಟಿಫಿಕೇಟ್‌ಗೆ ಕಾರ್ಖಾನೆಗಳಲ್ಲೂ ಬೆಲೆ ಇದೆ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಪ್ರತಿ 150 ಕಾರ್ಮಿಕರಿಗೆ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅದನ್ನು ನೋಡಿಕೊಳ್ಳೋಕೆ ಸರ್ಟಿಫಿಕೇಟ್ ಇರುವ ಒಬ್ಬರು ಅಂತ ಬರೆದಿತ್ತು. ನಂಜನಗೂಡು, ತಾಂಡವಪುರ, ಕಡಕೊಳ ಕಡೆ ಕಾರ್ಖಾನೆಗೆ ಹೋಗೋ ಹುಡುಗರು ಇದನ್ನು ನಿಜವಾಗಿ ಕಲಿತು ಹೋದರೆ ಅಲ್ಲಿ ಸುರಕ್ಷತಾ ವಿಭಾಗದ ಕಡೆ ತಿರುಗೋ ಅವಕಾಶ ಇರುತ್ತೆ. ಬರೀ ಕಾಗದಕ್ಕೋಸ್ಕರ ಮಾಡಿಸಿದರೆ ಬ್ಯಾಡ್ಜ್ ಸಿಗಬಹುದು, ಅಷ್ಟೇ. ಅಂದಹಾಗೆ ತಗಡೂರು ಸುತ್ತಿನ ಹೊಲಗಳಲ್ಲಿ ಜೀವ ತೆಗೆಯೋದು ನೆರೆಗಿಂತ ಹಾವು. ಹಾವು ಕಡಿತವನ್ನು ರಾಜ್ಯ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಕಚ್ಚಿದ ಜಾಗ ಕೊಯ್ಯದೇ, ಬಿಗಿಯಾಗಿ ಕಟ್ಟದೇ, ಅಲುಗಾಡಿಸದೇ ನೇರ ಆಸ್ಪತ್ರೆಗೆ ಸಾಗಿಸಬೇಕು ಅಂತ ಗೊತ್ತಿರೋನು ಊರಿಗೊಬ್ಬ ಇದ್ದರೂ ದೊಡ್ಡದು.

ಅನ್ನ ಹಾಕೋದು ಗೊತ್ತು, ಮಿಕ್ಕಿದ್ದು?

ತರಬೇತಿ ಯಾಕೆ ಬೇಕು, ಒಳ್ಳೆ ಮನಸ್ಸಿದ್ದರೆ ಸಾಲದಾ ಅಂತ ಕೇಳೋರು ಇದ್ದಾರೆ. ಅವರಿಗೆ ಕಾಳಜಿ ಕೇಂದ್ರದ ಲೆಕ್ಕವೇ ಉತ್ತರ. ಮೊದಲು ಗಂಜಿ ಕೇಂದ್ರ ಅಂತಿದ್ದದ್ದನ್ನು ಸರ್ಕಾರ ಈಗ ಕಾಳಜಿ ಕೇಂದ್ರ ಅಂತ ಕರೆಯುತ್ತೆ. ಹೆಸರು ಬದಲಾದರೂ ನಡೆಯೋದು ಅದೇ ಸರ್ಕಾರಿ ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ.

ಪ್ರಪಂಚದ ನೆರವು ಸಂಸ್ಥೆಗಳೆಲ್ಲ ಒಪ್ಪಿಕೊಂಡ 'ಸ್ಪಿಯರ್' ಅನ್ನೋ ಮಾನದಂಡ ಇದೆ, 1997ರಲ್ಲಿ ಶುರುವಾಗಿದ್ದು. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಮಲಗೋಕೆ ಕೂರೋಕೆ ಮೂರೂವರೆ ಚದರ ಮೀಟರ್ ಜಾಗ, ಮೊದಲ ದಿನಗಳಲ್ಲಿ 50 ಜನಕ್ಕೆ ಒಂದು ಶೌಚಾಲಯ, ಆಮೇಲೆ 20 ಜನಕ್ಕೆ ಒಂದು. ಇದನ್ನು ನಮ್ಮ ಕಡೆ ಶಾಲೆಗೆ ಹಾಕಿ ನೋಡಿ. 20 ಅಡಿಗೆ 20 ಅಡಿ ಕೊಠಡಿಯಲ್ಲಿ ಹತ್ತು ಜನ ಮಾತ್ರ ಇರಬಹುದು. ಇನ್ನೂರು ಜನ ಬಂದರೆ 20 ಕೊಠಡಿ, ದಿನಕ್ಕೆ ಮೂರು ಸಾವಿರ ಲೀಟರ್ ನೀರು ಅಂದ್ರೆ ಸಾವಿರ ಲೀಟರ್‌ನ ಮೂರು ಸಿಂಟೆಕ್ಸ್, ಮೊದಲ ದಿನವೇ ನಾಲ್ಕು ಶೌಚಾಲಯ, ಮುಂದೆ ಹತ್ತು. ಹೆಣ್ಣುಮಕ್ಕಳದ್ದು ಬೇರೆ ಇರಬೇಕು, ಒಳಗಿಂದ ಚಿಲಕ ಹಾಕುವಂತಿರಬೇಕು, ಹೋಗೋ ದಾರಿಯಲ್ಲಿ ಲೈಟ್ ಇರಬೇಕು. ಇಷ್ಟು ಕೊಠಡಿ ಒಂದೇ ಶಾಲೆಯಲ್ಲಿ ಸಿಗಲ್ಲ. ಹಾಗಾದ್ರೆ ಇನ್ನೂರು ಜನರನ್ನು ಎಲ್ಲೆಲ್ಲಿ ಇಡೋದು ಅಂತ ಮಳೆಗೆ ಮುಂಚೆಯೇ ಯೋಚಿಸಿರಬೇಕು. ಯೋಚಿಸೋಕೆ ಈ ಲೆಕ್ಕ ಗೊತ್ತಿರುವವರು ಬೇಕು.

ಜನಕ್ಕೆ ಊಟ ಹಾಕೋ ವಿದ್ಯೆ ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುತ್ತೂರು ಜಾತ್ರೆಯ ದಾಸೋಹದಲ್ಲಿ ಲಕ್ಷಾಂತರ ಜನಕ್ಕೆ ಬಡಿಸಿ, ಎಲೆ ತೆಗೆದು, ಪಾತ್ರೆ ತೊಳೆದು ಅಭ್ಯಾಸ ಇರೋ ಊರುಗಳಿವು. ಕೊಪ್ಪರಿಗೆ ಎಲ್ಲಿಂದ ತರಬೇಕು, ಮೂಟೆಗೆ ಎಷ್ಟು ಜನ ಉಣ್ಣುತ್ತಾರೆ, ಯಾರು ಒಲೆ ಹತ್ತಿರ ನಿಲ್ಲಬೇಕು, ಇದೆಲ್ಲ ಇಲ್ಲಿನ ಹೆಂಗಸರು ಗಂಡಸರು ಬಾಯಲ್ಲೇ ಹೇಳ್ತಾರೆ. ಹೊರಗಡೆ ಇದೇ ಕೆಲಸಕ್ಕೆ ಲಾಜಿಸ್ಟಿಕ್ಸ್ ಅಂತ ಹೆಸರಿಟ್ಟು ಸಂಬಳ ಕೊಡ್ತಾರೆ. ಇಲ್ಲಿ ಅದು ಯಾರ ಬಯೋಡೇಟಾದಲ್ಲೂ ಬರೋದಿಲ್ಲ.

ಅಂಗಡಿಯವರಿಗೂ ಇದರಲ್ಲಿ ಪಾಲಿದೆ. ನೆರೆ ಬಂತು ಅಂದ್ರೆ ಬೆಂಗಳೂರು ಮೈಸೂರಿಂದ ಲಾರಿಯಲ್ಲಿ ಹಳೇ ಬಟ್ಟೆ, ಬಿಸ್ಕತ್ತು, ನೀರಿನ ಬಾಟಲಿ ಬಂದು ಬೀಳುತ್ತೆ. 2018ರಲ್ಲಿ ಕೊಡಗಿಗೆ, ಮುಂದಿನ ವರ್ಷ ಉತ್ತರ ಕರ್ನಾಟಕಕ್ಕೆ ಹೀಗೆ ಹೋದ ಬಟ್ಟೆ ರಾಶಿ ಬಿದ್ದು ಬೇಡವಾಗಿದ್ದನ್ನು ಎಲ್ಲರೂ ನೋಡಿದ್ದಾರೆ. ಊರಿನ ಅಂಗಡಿಯಲ್ಲಿ ಅದೇ ಅಕ್ಕಿ, ಬೇಳೆ, ಸೋಪು, ಟಾರ್ಪಾಲು, ಪ್ಯಾಡ್ ಇದ್ದೂ ವ್ಯಾಪಾರ ಇಲ್ಲ. ಇದ್ದರೂ ಸಾಲದ ಲೆಕ್ಕದಲ್ಲಿ ಹೋಗಿ, ಬಿಲ್ ಯಾರು ಕಟ್ಟೋದು ಅಂತ ಗೊತ್ತಾಗದೇ ತಿಂಗಳುಗಟ್ಟಲೆ ಓಡಾಟ. ತರಬೇತಿ ಪಡೆದ ನೆರವು ಕಾರ್ಯಕರ್ತರು ಮಾರುಕಟ್ಟೆ ನಡೀತಾ ಇರೋ ಕಡೆ ಸಾಮಾನು ತರಿಸೋದಿಲ್ಲ. ಸಂತ್ರಸ್ತರಿಗೆ ಹಣ ಅಥವಾ ಕೂಪನ್ ಕೊಟ್ಟು ಅಲ್ಲಿನ ಅಂಗಡಿಯಲ್ಲೇ ಕೊಳ್ಳಲು ಬಿಡ್ತಾರೆ. ಪ್ರಪಂಚದ ದೊಡ್ಡ ಸಂಸ್ಥೆಗಳು ಈಗ ಹೆಚ್ಚು ಹೆಚ್ಚಾಗಿ ಈ ಕಡೆಗೇ ತಿರುಗಿವೆ. ಯಾರ ಮನೆಗೆ ಏನು ಬೇಕು ಅಂತ ಪಟ್ಟಿ ಮಾಡೋಕೆ, ಅಂಗಡಿಯವರ ಜೊತೆ ಮೊದಲೇ ದರ ಮಾತಾಡೋಕೆ, ಬಿಲ್ ಇಡೋಕೆ ಒಬ್ಬರು ಬೇಕು. ಅದು ಊರಿನ ಬಿ.ಕಾಂ ಅರ್ಧ ಓದಿದ ಹುಡುಗಿ ಮಾಡಬಹುದಾದ ಕೆಲಸ.

ದುಡ್ಡಿನ ತಿರುವು

ಹಾಗಾದ್ರೆ ಸಂಸ್ಥೆಗಳು ಯಾಕೆ ಊರಿನವರನ್ನು ಸಂಬಳಕ್ಕೆ ಇಟ್ಟುಕೊಳ್ಳಲ್ಲ? ಅರ್ಧ ಕಾರಣ ಕಾನೂನಿನಲ್ಲಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಆಡಳಿತ ಖರ್ಚಿಗೆ ಮೊದಲು ಶೇ 50ರವರೆಗೆ ಬಳಸಬಹುದಿತ್ತು, ಅದು ಶೇ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚೋದೂ ನಿಂತಿತು. ದುಡ್ಡು ದುರುಪಯೋಗ ಆಗಬಾರದು ಅನ್ನೋದು ಸರ್ಕಾರದ ವಾದ. ಆದರೆ ಪೆಟ್ಟು ಬಿದ್ದಿದ್ದು ದೊಡ್ಡ ಊರಿನ ಆಫೀಸಿಗಿಂತ ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ, ಅಲ್ಲಿ ಸಂಬಳಕ್ಕಿದ್ದ ಹುಡುಗರಿಗೆ.

ಹೊರದೇಶದ ಕಥೆಯೂ ಬೇರೆಯಲ್ಲ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ದೊಡ್ಡ ದೇಶಗಳು, ದೊಡ್ಡ ಸಂಸ್ಥೆಗಳು ಸೇರಿ, 2020ರೊಳಗೆ ನೆರವಿನ ಹಣದಲ್ಲಿ ಶೇ 25ರಷ್ಟನ್ನು ಆಯಾ ಜಾಗದವರಿಗೆ ಆದಷ್ಟು ನೇರವಾಗಿ ಕೊಡ್ತೀವಿ ಅಂತ ಮಾತು ಕೊಟ್ಟವು. ಆ ಗುರಿ ಮುಟ್ಟಲಿಲ್ಲ. 2025ರಲ್ಲಿ ಅಮೆರಿಕ ತನ್ನ ಯುಎಸ್‌ಎಐಡಿಯನ್ನೇ ಮುಚ್ಚಿತು. ಪ್ರಪಂಚದ ತುಂಬ ನೆರವು ಕಾರ್ಯಕರ್ತರು ಕೆಲಸ ಕಳೆದುಕೊಂಡರು, ಅವರಲ್ಲಿ ಬಹಳಷ್ಟು ಮಂದಿ ಆಯಾ ಊರಿನವರೇ. ವಿದೇಶದ ದುಡ್ಡು ನಂಬಿ ಮಕ್ಕಳಿಗೆ ಈ ಕೆಲಸಕ್ಕೆ ಹೋಗು ಅನ್ನೋ ಅಪ್ಪ ಅಮ್ಮ ಇದನ್ನೂ ತಿಳಿದಿರಬೇಕು.

ಹತ್ತಿರದ ದುಡ್ಡು ಬೇರೆ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ಇಂತಿಷ್ಟು ಲಾಭ ಮಾಡುವ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು, ತಾವಿರುವ ಸ್ಥಳಕ್ಕೆ ಆದ್ಯತೆ ಕೊಡಬೇಕು. ವಿಪತ್ತು ನಿರ್ವಹಣೆ, ಉದ್ಯೋಗ ಕೌಶಲ ಎರಡೂ ಆ ಪಟ್ಟಿಯಲ್ಲಿವೆ. ನಂಜನಗೂಡು ರಸ್ತೆಯುದ್ದಕ್ಕೂ ಕಾಫಿ, ಬೈಕು, ಔಷಧಿ, ಸರ್ಕ್ಯೂಟ್ ಬೋರ್ಡು ಮಾಡುವ ದೊಡ್ಡ ದೊಡ್ಡ ಕಂಪನಿಗಳಿವೆ. ಶಾಲೆಗೆ ಬೆಂಚು, ಬಣ್ಣ ಕೊಟ್ಟು ಫೋಟೋ ತೆಗೆಸಿಕೊಳ್ಳೋದು ಸುಲಭ. ಹೊಳೆ ದಂಡೆಯ ಹತ್ತು ಪಂಚಾಯಿತಿಗೆ ತಲಾ ಇಬ್ಬರನ್ನು, ಒಬ್ಬ ಹುಡುಗ ಒಬ್ಬ ಹುಡುಗಿ, ವರ್ಷಪೂರ್ತಿ ಗೌರವಧನ ಕೊಟ್ಟು ತರಬೇತಿಗೆ ಕಳಿಸಿ ಅಂತ ಇವರನ್ನು ಕೇಳಬೇಕಾದವರು ಪಂಚಾಯಿತಿಯವರು, ತಾಲ್ಲೂಕು ಆಡಳಿತದವರು. ಕೊರೊನಾ ಕಾಲದಲ್ಲಿ ಪ್ರತಿ ಪಂಚಾಯಿತಿಯಲ್ಲೂ ಟಾಸ್ಕ್‌ಫೋರ್ಸ್ ಇತ್ತು. ಅಂದರೆ ಸಮಿತಿ ಮಾಡೋದು ಹೊಸದಲ್ಲ.

ಆದರೆ ಗೌರವಧನ ಅನ್ನೋ ಪದದ ಬಗ್ಗೆ ಎಚ್ಚರ ಬೇಕು. ಆಶಾ ಕಾರ್ಯಕರ್ತೆಯರನ್ನೇ ನೋಡಿ. 2005ರಿಂದ ಈ ದೇಶದ ಹಳ್ಳಿಗಳ ಆರೋಗ್ಯ ಹೊತ್ತವರು ಅವರು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಸಿಕ್ಕಿತು. ಇಪ್ಪತ್ತು ವರ್ಷದ ಅನುಭವ ಇದ್ದರೂ ಅವರು ಆಶಾ ಆಗಿ ಸೇರಿ ಆಶಾ ಆಗಿಯೇ ಉಳಿದಿದ್ದಾರೆ, ನೌಕರರು ಅನ್ನೋ ಹೆಸರೂ ಇಲ್ಲ. ವಿಪತ್ತು ಕಾರ್ಯಕರ್ತರನ್ನೂ ಇದೇ ದಾರಿಗೆ ಬಿಟ್ಟರೆ ಪ್ರಯೋಜನ ಇಲ್ಲ. ಮೂರು ವರ್ಷ ಕೆಲಸ ಮಾಡಿದವರಿಗೆ ಅಗ್ನಿಶಾಮಕ, ಗೃಹರಕ್ಷಕ ನೇಮಕಾತಿಯಲ್ಲಿ ಒಂದಿಷ್ಟು ಅಂಕವಾದರೂ ಸಿಗಬೇಕು. ಮಾಡಿದ ಕೆಲಸ ಒಂದು ಪುಸ್ತಕದಲ್ಲಿ ದಾಖಲಾಗಿ, ಅದನ್ನು ನಾಳೆ ಬೇರೆ ಕಡೆ ಕೆಲಸಕ್ಕೆ ತೋರಿಸುವಂತಿರಬೇಕು.

ಸೇವೆ ಅಂದ್ರೆ ಬಿಟ್ಟಿ ದುಡಿಮೆ ಅನ್ನೋದು ತಗಡೂರಿಗೆ ಹೊಂದುವ ಮಾತೂ ಅಲ್ಲ. ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರು ಖಾದಿ ಕೆಲಸ ಕಟ್ಟಿದ ಊರಿದು. ಪಕ್ಕದ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಆ ಖಾದಿ ಚಳವಳಿ ಬರೀ ದೇಶಭಕ್ತಿಯ ಮೇಲೆ ನಡೆಯಲಿಲ್ಲ. ನೂಲುವುದನ್ನು ಕಲಿಸಿ, ನೂತ ನೂಲಿಗೆ ಕೂಲಿ ಕೊಟ್ಟರು. 1935ರಲ್ಲಂತೂ ನೂಲುವವರಿಗೆ ಬದುಕುವಷ್ಟು ಕೂಲಿ ಸಿಗಲೇಬೇಕು ಅಂತ ಗಾಂಧೀಜಿ ಹಟ ಹಿಡಿದರು, ಖಾದಿ ಬೆಲೆ ಏರಿದರೂ ಪರವಾಗಿಲ್ಲ ಅಂದರು. ಅಖಿಲ ಭಾರತ ಚರಕಾ ಸಂಘ ಅದನ್ನು ಒಪ್ಪಿತು.

ಮುಂಗಾರಿಗೆ ಮುಂಚೆ ಪಂಚಾಯಿತಿಯಲ್ಲಿ ಒಂದು ಗ್ರಾಮಸಭೆ ಹೇಗೂ ನಡೆಯುತ್ತೆ. ರಸ್ತೆ, ಚರಂಡಿ, ಮನೆ ಪಟ್ಟಿ ಮುಗಿದ ಮೇಲೆ ಪಿಡಿಒ ಅವರನ್ನು ಕೇಳಬಹುದಾದ ಪ್ರಶ್ನೆಗಳು ಇವೆ: ಈ ಪಂಚಾಯಿತಿಯಲ್ಲಿ ಇದುವರೆಗೆ ತರಬೇತಿ ಪಡೆದವರು ಎಷ್ಟು ಜನ, ಅವರ ಫೋನ್ ನಂಬರ್ ಆಫೀಸಿನಲ್ಲಿ ಇದೆಯಾ, ಅವರಲ್ಲಿ ಈಗ ಊರಲ್ಲಿರೋರು ಯಾರು, ವಿಮೆ ಇನ್ನೂ ಚಾಲ್ತಿಯಲ್ಲಿದೆಯಾ, ಕಾಳಜಿ ಕೇಂದ್ರಕ್ಕೆ ಸಾಮಾನು ಕೊಟ್ಟ ಅಂಗಡಿಯವರ ಬಿಲ್ ಎಷ್ಟು ದಿನದೊಳಗೆ ಪಾವತಿ ಆಗುತ್ತೆ.